ಉಪವಾಸ ಬಿದ್ದ ಗೊಬ್ಬರದ ಗುಂಡಿ

ಹಾಸ್ಟೆಲ್ ವಾರ್ಡನ್ ಆದವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆ ಬಾಗಿಲು ತೆಗೆದರೆ ಸಾಕು, ಅದೇ ಬಂದು ನಿಂತಿರುತ್ತದೆ. ಎಲ್ಲ ಶಿವನ ಲೀಲೆ.

ತುಮಕೂರಿನ ನಮ್ಮ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹುಡುಗಿಯರೇ ಸೇರಿ ಒಂದು ಹಸಿರು ಸಂಘ ಕಟ್ಟಿದರು. ಕುಣಿಗಲ್ಲಿನ ಎಂಎಸ್ಸಿ ಹುಡುಗಿ ಅದರ ಮುಂದಾಳು. "ಮೇಡಂ, ನಾವು ಚೆಲ್ಲೋ ಅನ್ನ ಕಸದ ರಾಶೀಲಿ ಕೊಳೆತು ಗ್ಯಾಸ್ ಆಗುತ್ತೆ. ಭೂಮಿಗೆ ಜ್ವರ ಬರೋದು ಇಂಥದ್ದರಿಂದಲೇ" ಎಂದು ನನ್ನನ್ನು ಒಪ್ಪಿಸಿ, ಅಡುಗೆಮನೆಯ ಹಿಂದೆ ಗೊಬ್ಬರದ ಗುಂಡಿ ತೋಡಿಸಿದಳು. ಎಸ್ಟೇಟ್ ಆಫೀಸರಿಗೆ ಆ ಜಾಗ ಬೈಕ್ ಸ್ಟ್ಯಾಂಡಿಗೆ ಬೇಕಿತ್ತು. ಸೆಮಿಸ್ಟರ್ ಕೊನೆಗೆ ಸಮಿತಿ ಬಂದು ನೋಡುವುದು, ಗುಂಡಿ ಕೆಲಸ ಮಾಡುತ್ತಿದ್ದರೆ ಉಳಿಸುವುದು, ಇಲ್ಲದಿದ್ದರೆ ಮುಚ್ಚುವುದು ಅಂತ ತೀರ್ಮಾನವಾಯಿತು.

೧. ನಾಲ್ಕು ಗ್ರಾಂ

ಕೈತೊಳೆಯುವ ಜಾಗದಲ್ಲಿ ಹುಡುಗಿಯರು ಒಂದು ತಕ್ಕಡಿ ಇಟ್ಟರು. ತಟ್ಟೆಯಲ್ಲಿ ಬಿಟ್ಟದ್ದನ್ನು ತೂಗಿ, ಎಲ್ಲರಿಗೂ ಕೇಳುವಂತೆ ಕೂಗುವುದು. ಅನ್ನವೇ ಪ್ರಸಾದ ಅಂತ ವರ್ಷಗಟ್ಟಲೆ ಹೇಳಿದವಳು ನಾನು. ಧೈರ್ಯವಾಗಿಯೇ ತಟ್ಟೆ ಕೊಟ್ಟೆ.

"ವಾರ್ಡನ್ ಮೇಡಂ, ನಾಲ್ಕು ಗ್ರಾಂ" ಎಂದು ಗುಬ್ಬಿಯ ಹುಡುಗಿ ಕೂಗಿದಳು.

"ಕರಿಬೇವು ಕಣೇ ಅದು. ಅದನ್ನ ಯಾರಾದ್ರೂ ತಿಂತಾರಾ?"

"ಪ್ರಸಾದದಲ್ಲಿ ಆರಿಸಬಾರದು ಅಂತ ನೀವೇ ಅಂದಿದ್ರಲ್ಲ ಮೇಡಂ."

ಅವತ್ತಿನಿಂದ ಕರಿಬೇವನ್ನೂ ಅಗಿದು ನುಂಗುತ್ತಿದ್ದೇನೆ. ಕೂದಲು ಎಷ್ಟು ಕಪ್ಪಾಗಿದೆ ನೋಡಿ ಎಂದು ಹುಡುಗಿಯರು ಸಂಘದ ಸಭೆಯಲ್ಲೇ ನನ್ನನ್ನು ತೋರಿಸಿದರು. ನಾನು ಬಣ್ಣ ಹಚ್ಚೋದು ಶಿವನಿಗೆ ಮಾತ್ರ ಗೊತ್ತು.

೨. ಲೋಟ

ನಮ್ಮ ನಿಟ್ಟೂರಿನ ಮನೆಯಲ್ಲಿ ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಅದನ್ನೇ ಕುಡಿಯುತ್ತೇವೆ. ಒಂದಗುಳೂ ಹಾಳಾಗಬಾರದು. ಇದನ್ನು ಹೇಳಿಕೊಟ್ಟಾಗ ಹುಡುಗಿಯರು ಮೊದಲು ಮುಖ ಸಿಂಡರಿಸಿದರು. ಆಮೇಲೆ ತಕ್ಕಡಿಯ ಭಯಕ್ಕೆ ಒಬ್ಬೊಬ್ಬರೇ ಶುರು ಮಾಡಿದರು.

ಒಂದು ಭಾನುವಾರ ಕೋರದಿಂದ ಒಬ್ಬ ತಾಯಿ ಮಗಳನ್ನು ನೋಡಲು ಬಂದರು. ಸಾಲಾಗಿ ಕೂತ ಹುಡುಗಿಯರೆಲ್ಲ ತಟ್ಟೆ ಎತ್ತಿ ನೀರು ಕುಡಿಯುತ್ತಿದ್ದರು. ಆಯಮ್ಮ ಅದನ್ನು ನೋಡಿಕೊಂಡು ಊರಿಗೆ ಹೊರಟುಹೋದರು.

ಮೂರನೇ ದಿನ ಕೋರದಿಂದ ಒಂದು ಚೀಲ ಬಂತು. ಒಳಗೆ ಎರಡು ಡಜನ್ ಸ್ಟೀಲ್ ಲೋಟ. ಜೊತೆಗೊಂದು ಚೀಟಿ: "ಮೇಡಮ್ಮೋರೆ, ಕಷ್ಟ ಎಲ್ಲಾರ್ಗೂ ಇರ್ತದೆ, ಬೇಜಾರ್ ಮಾಡ್ಕೋಬ್ಯಾಡಿ."

೩. ಗುಂಡಿಗೆ ಊಟವಿಲ್ಲ

ಸಮಿತಿ ಬರುವ ಹಿಂದಿನ ದಿನ ಕುಣಿಗಲ್ ಹುಡುಗಿ ಸಪ್ಪೆ ಮುಖ ಹೊತ್ತು ಬಂದಳು.

"ಮೇಡಂ, ಗುಂಡಿ ಖಾಲಿ. ಯಾರೂ ಏನೂ ಬಿಡ್ತಾ ಇಲ್ಲ. ತರಕಾರಿ ಸಿಪ್ಪೇನೂ ಹಸುವಿಗೆ ಹೋಗ್ತಿದೆ."

ಒಂದು ದಿನಕ್ಕೆ ಸ್ವಲ್ಪ ಬಿಡ್ರೇ ಎಂದು ಗೆಳತಿಯರನ್ನು ಬೇಡಿಕೊಂಡಿದ್ದಳು. "ಅಭ್ಯಾಸ ತಪ್ಪೋಗಿದೆ ಕಣೇ, ಕೈ ಬರಲ್ಲ" ಅಂದಿದ್ದರಂತೆ. ಬೇಕಂತಲೇ ಸಾರು ಕೆಡಿಸಿ ಅಂತ ಅಡುಗೆಯಣ್ಣನನ್ನೂ ಕೇಳಿದ್ದಳು. ಅವನು ನೊಂದುಕೊಂಡ. "ನನ್ ಸಾರು ತಾನಾಗೇ ಕೆಟ್ಟಿರಬೋದು ಕಣವ್ವ, ನಾನಾಗೇ ಕೆಡಿಸಿಲ್ಲ."

"ಅನ್ನದ ಹೆಸರಲ್ಲಿ ಸುಳ್ಳು ಬೇಡ ಮಗಳೇ. ಇರೋದನ್ನೇ ತೋರಿಸು. ಶಿವ ನೋಡ್ಕೋತಾನೆ" ಎಂದೆ.

ಮಾರನೇ ದಿನ ಸಮಿತಿಯ ಹಿರಿಯರು ಗುಂಡಿಗೆ ಬಗ್ಗಿ ನೋಡಿದರು. ಎಸ್ಟೇಟ್ ಆಫೀಸರು ಆಗಲೇ ಅಳತೆಯ ಟೇಪು ಹಿಡಿದಿದ್ದರು. "ಖಾಲಿ ಸರ್. ಆರಾಮಾಗಿ ನಲವತ್ತು ಬೈಕ್ ನಿಲ್ತವೆ."

ಹುಡುಗಿ ಹೆದರಲಿಲ್ಲ. "ಸರ್, ನಮ್ಮ ಜೊತೆ ಊಟ ಮಾಡಿ. ಯಾಕೆ ಖಾಲಿ ಅಂತ ನೀವೇ ನೋಡ್ತೀರ."

ಊಟ ಮುಗಿದಾಗ ಹುಡುಗಿಯರ ತಟ್ಟೆಗಳೆಲ್ಲ ತೊಳೆದಿಟ್ಟಂತಿದ್ದವು. ಹಿರಿಯರದ್ದೂ ಅಷ್ಟೇ. ಇಡೀ ಹಾಲಿನಲ್ಲಿ ಒಂದೇ ಒಂದು ತಟ್ಟೆಯಲ್ಲಿ ಅರ್ಧ ಮುದ್ದೆ, ಪಲ್ಯ, ಒಂದೂವರೆ ಹೋಳಿಗೆ ಉಳಿದಿತ್ತು. ಎಸ್ಟೇಟ್ ಆಫೀಸರದ್ದು.

ಹುಡುಗಿ ಆ ತಟ್ಟೆಯನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಎತ್ತಿಕೊಂಡು ಹೋಗಿ ಗುಂಡಿಗೆ ಸುರಿದಳು. ನಾವೆಲ್ಲ ಹಿಂದೆಯೇ ಹೋಗಿ ನಿಂತೆವು.

"ಗುಂಡಿ ಕೆಲಸ ಮಾಡ್ತಿದೆ, ಬರ್ಕೊಳ್ಳಿ" ಎಂದರು ಹಿರಿಯರು. "ಇದು ಇಲ್ಲೇ ಇರಲಿ. ನಾಳೆಯಿಂದ ಆಫೀಸರ್‌ಗಳ ಕ್ಯಾಂಟೀನಿಂದೂ ಇಲ್ಲಿಗೇ ತಂದು ಹಾಕಿ, ತುಂಬುತ್ತೆ."

ಎಸ್ಟೇಟ್ ಆಫೀಸರು ಟೇಪು ಸುತ್ತುತ್ತಾ ಗೊಣಗಿದರು. "ನಂಗೆ ಶುಗರ್ ಇದೆ ಸರ್. ಹೋಳಿಗೆ ಅದಕ್ಕೇ ಬಿಟ್ಟಿದ್ದು."

"ಪರವಾಗಿಲ್ಲ ಬಿಡಿ ಸರ್" ಎಂದಳು ಹುಡುಗಿ, "ಗುಂಡಿಗೆ ಶುಗರ್ ಇಲ್ಲ."