ಮೊದಲನೇ ಪುಟದ ಕೊಲೆಗಾರ

ನಮ್ಮ ಅತ್ತಿಗೆ ಇದುವರೆಗೆ ಏನಿಲ್ಲವೆಂದರೂ ಇನ್ನೂರು ಕೊಲೆಗಾರರನ್ನು ಹಿಡಿದುಕೊಟ್ಟಿದ್ದಾರೆ. ಪೊಲೀಸರಿಗಲ್ಲ, ನನಗೆ! ಅದೂ ಕೊಲೆ ನಡೆಯುವ ಮೊದಲೇ!

ನಂಬಿಕೆ ಬರುವುದಿಲ್ಲವೇ? ಚಿಂತಾಮಣಿಯ ಅವರ ಮನೆಗೆ ಬಂದು, ಗೂಡಿನಲ್ಲಿರುವ ಯಾವ ಪತ್ತೇದಾರಿ ಕಾದಂಬರಿಯನ್ನಾದರೂ ತೆಗೆದು ನೋಡಿ. ಮೊದಲನೇ ಪುಟದ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ, ರಂಗೋಲಿ ಎಳೆಯಷ್ಟು ಅಂದವಾದ ಅಕ್ಷರದಲ್ಲಿ ಬರೆದಿರುತ್ತದೆ: "ಕೊಂದವನು ಅಡಿಗೆಯವನು." "ಡಾಕ್ಟರ ಹೆಂಡತಿ. ಅವಳ ಮೇಲೆ ಅನುಮಾನವೇ ಬರುವುದಿಲ್ಲ." "ಯಾರೂ ಕೊಂದಿಲ್ಲ, ತಾನೇ ಜಾರಿ ಬಿದ್ದ."

ಮೊದಲ ಸಲ ಅದನ್ನು ಕಂಡಾಗ ನನಗಾದ ಷಾಕ್ ಅಷ್ಟಿಷ್ಟಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಮಾರಲ್ ಸೈನ್ಸ್ ಪುಸ್ತಕದ ಹೊಟ್ಟೆಯೊಳಗೆ ಡಿಟೆಕ್ಟಿವ್ ಕಾದಂಬರಿ ಬಚ್ಚಿಟ್ಟುಕೊಂಡು ಓದಿ, ಸಿಸ್ಟರ್ ಕೈಲಿ ಸ್ಕೇಲಿನ ಏಟು ತಿಂದವಳು. ಆ ಸಿಸ್ಟರ್ ಕೂಡ ಪುಸ್ತಕ ಕಿತ್ತುಕೊಂಡರೇ ಹೊರತು, ಕೊಲೆಗಾರ ಯಾರೆಂದು ಹೇಳುವಷ್ಟು ಕ್ರೂರಿಯಾಗಿರಲಿಲ್ಲ!

"ಅತ್ತಿಗೆ, ಏನಿದು? ಸಸ್ಪೆನ್ಸೇ ಹೋಯ್ತಲ್ಲ!"

"ಹೋದ್ರೆ ಹೋಗ್ಲಿ ಬಿಡೇ. ನಾನೇನು ಸುಳ್ಳು ಬರ್ದಿದೀನಾ?"

"ನಿಜ ಬರ್ದಿರೋದೇ ತಪ್ಪು!"

"ಭೇಷ್! ಇದೇನೇನೇ ನಿಮ್ ಕಾನ್ವೆಂಟಲ್ಲಿ ಹೇಳ್ಕೊಟ್ಟಿದ್ದು?"

ಈ ಪುಸ್ತಕಗಳು ನಮಗೆ ಸಿಕ್ಕಿದ್ದೇ ಒಂದು ಆಕಸ್ಮಿಕ. ಅತ್ತಿಗೆಗೆ ಹಳೇ ಮನೆಗಳ ಹುಚ್ಚು. ಕೆತ್ತನೆಯ ಬಾಗಿಲು ಕಂಡರೆ ಸಾಕು, ಯಾರ ಮನೆ ಎಂದೂ ನೋಡದೆ ನುಗ್ಗಿಬಿಡುತ್ತಾರೆ. "ಒಂದ್ಲೋಟ ನೀರು ಕೊಡಮ್ಮಾ" ಎನ್ನುವುದೇ ಅವರ ಪಾಸ್‌ಪೋರ್ಟು. ನೀರು ಕುಡಿಯಲು ಒಂದು ನಿಮಿಷ, ಕಂಬ ಎಣಿಸಲು ಒಂದು ಗಂಟೆ!

ಒಮ್ಮೆ ಶಿಡ್ಲಘಟ್ಟದ ಬಳಿಯ ಹಳ್ಳಿಗೆ ಅಣ್ಣ, ಅತ್ತಿಗೆ, ನಾನು ಮದುವೆಯೊಂದಕ್ಕೆ ಹೋಗಿದ್ದೆವು. ಊಟ ಮುಗಿಸಿ ಬರುವಾಗ ದಾರಿಯಲ್ಲಿ ತೊಟ್ಟಿಯ ಮನೆಯೊಂದು ಕಂಡಿತು. ಕಂಡಿತು ಎನ್ನುವಷ್ಟರಲ್ಲಿ ಅತ್ತಿಗೆ ಕಾಣೆ! ಒಳಗಿನಿಂದ ಹೆಂಗಸೊಬ್ಬಳ ಕೂಗು ಕೇಳಿ ನಾನೂ ಓಡಿದೆ.

"ಅಯ್ಯಯ್ಯೋ, ಹುಳುಮನೆಗೆ ಬರ್ಬಾರ್ದು ಕಣಮ್ಮಾ! ಪೌಡ್ರು ಬೇರೆ ಬಳ್ಕೊಂಡಿದೀರ!"

ಅದು ರೇಷ್ಮೆ ಹುಳು ಸಾಕುವ ಕೋಣೆ. ಹೊರಗಿನವರು ಅಲ್ಲಿಗೆ ಕಾಲಿಡಬಾರದು. ಪೌಡರು, ಸೆಂಟು ಇವುಗಳ ವಾಸನೆಯಂತೂ ಸುಳಿಯಲೇಬಾರದು. ಅತ್ತಿಗೆಯೋ, ಮುಖದ ತುಂಬ ಪೌಡರು, ಜಡೆಯಲ್ಲಿ ಎರಡು ಮೊಳ ಮಲ್ಲಿಗೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತಿಗೆ ಮಾತ್ರ ಹುಳುವಿನ ತಟ್ಟೆಯ ಮೇಲೆ ಬಗ್ಗಿ, ಸೊಪ್ಪಿನ ಸಂದಿಯಲ್ಲಿ ಇಣುಕುತ್ತಾ, "ಈ ಹುಳಾನ ಒಂಚೂರು ಸರ್ಸಮ್ಮಾ, ಕೆಳಗೆ ಹೆಣ ಸಿಕ್ಕೈತೆ!" ಎಂದರು.

ಮನೆಯಾಕೆ ಕಿಟಾರನೆ ಕಿರುಚಿದಳು. ನಾನು ಬಾಗಿಲಿಗೊರಗಿ ಜೀಸಸ್, ರಾಮ, ಇಬ್ಬರನ್ನೂ ಕರೆದೆ!

ಆಗಿದ್ದಿಷ್ಟೇ. ತಟ್ಟೆಗೆ ಹಾಸಿದ್ದ ಕಾಗದ ಪತ್ತೇದಾರಿ ಕಾದಂಬರಿಯೊಂದರ ಹಾಳೆ. ಮನೆಯಾಕೆಯ ಸತ್ತುಹೋದ ಮಾವನವರ ಟ್ರಂಕಿನ ತುಂಬ ಅಂಥ ಪುಸ್ತಕಗಳಿದ್ದವು; ಆಕೆ ಮೊದಲನೆಯದನ್ನು ಆಗಷ್ಟೇ ಹರಿದು ಹಾಸಿದ್ದಳು. "ಬೇಕಾದ್ರೆ ಎಲ್ಲಾ ತಗೊಂಡ್ ಹೋಗಿ. ನೀವು ಮೊದ್ಲು ಆಚೆ ಬನ್ನಿ!" ಎಂದಳು.

"ಮನೆ ನೋಡಕ್ಕೋಗಿ ಮೂಟೆ ಹೊರೆಸ್ಕೊಂಡು ಬರೋಳು ಇವಳೊಬ್ಬಳೇ ಕಣಮ್ಮಾ," ಎಂದು ಗೊಣಗುತ್ತಲೇ ಅಣ್ಣ ಆ ಮೂಟೆಯನ್ನು ಬಸ್ಸಿಗೆ ಹಾಕಿದ. ಪೇಪರಿನಲ್ಲಿ ಟೊಮೇಟೊ ರೇಟಿನ ಹೊರತು ಏನನ್ನೂ ಓದಿದವನಲ್ಲ ನಮ್ಮಣ್ಣ. ಮರುದಿನ ಸುಮ್ಮನೆ ಒಂದು ಪುಸ್ತಕ ತೆರೆದ. ಅಷ್ಟೇ! ಮೂರು ಸಲ ಬಿಸಿ ಮಾಡಿದ ಕಾಫಿ ಮೂರು ಸಲವೂ ಆರಿಹೋಯಿತು. ಅಲ್ಲಿಂದ ಎರಡು ವರ್ಷ ಆ ಮನೆಯಲ್ಲಿ ವಾರಕ್ಕೆರಡು ಕೊಲೆ. ಅಣ್ಣ ಜಗಲಿಯಿಂದ, "ಲಾಯರ್ರೇ ಕಣೇ ಕೊಂದಿರೋದು!" ಎಂದು ಕೂಗುತ್ತಿದ್ದ. ಪುಸ್ತಕವನ್ನು ಮುಟ್ಟಿಯೂ ನೋಡದ ಅತ್ತಿಗೆ ಅಡಿಗೆಮನೆಯಿಂದಲೇ, "ಅವನಲ್ಲ ರೀ," ಎನ್ನುತ್ತಿದ್ದರು. ಆಶ್ಚರ್ಯವೆಂದರೆ, ಅವನಾಗಿರುತ್ತಲೂ ಇರಲಿಲ್ಲ!

ಆಮೇಲೆ ಅಣ್ಣ ಹೋದ.

ಅವನ ತಿಥಿಗಳೆಲ್ಲ ಮುಗಿದ ಮೇಲೆ ಅತ್ತಿಗೆ ಜಗಲಿಯ ಅವನ ಜಾಗದಲ್ಲಿ ಕೂತು, ಒಂದೊಂದೇ ಪುಸ್ತಕ ಓದತೊಡಗಿದರು. ಕೈಯಲ್ಲಿ ಪೆನ್ಸಿಲು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೋಳು! ಚಿಕ್ಕಬಳ್ಳಾಪುರದಿಂದ ತಿಂಗಳಿಗೊಮ್ಮೆ ಹೋಗಿ, ಮೊದಲ ಪುಟಕ್ಕೆ ಕೈ ಅಡ್ಡ ಹಿಡಿದು, ಕಳ್ಳಿಯ ಹಾಗೆ ಪುಸ್ತಕ ತರುತ್ತಿದ್ದೆ. ಕಣ್ಣು ಕೇಳಬೇಕಲ್ಲ?

ಬರೀ ಬರೆದಿದ್ದರೆ ಸಹಿಸಬಹುದಿತ್ತು. ಒಮ್ಮೆ ಪೆರೇಸಂದ್ರದಾಚೆಯ ಅವರ ತವರಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನ ಕಾಲೇಜು ಹುಡುಗಿ ಓದುತ್ತಿದ್ದ ಪುಸ್ತಕ ಅತ್ತಿಗೆಯ ಗೂಡಿನಲ್ಲೂ ಇದ್ದದ್ದೇ.

"ಇನ್ನೆಷ್ಟು ಪುಟ ಐತಮ್ಮಾ?"

"ನಲವತ್ತು, ಆಂಟಿ."

"ಎಲ್ಲಿಳೀತೀಯಾ?"

"ಪೆರೇಸಂದ್ರ."

"ಅಷ್ಟರೊಳಗೆ ಮುಗಿಯಲ್ಲ ಬಿಡು. ಸತ್ತೋನ ಭಾವನೇ ಕೊಂದಿರೋದು."

"ಆಂಟೀ!!"

ಆ ಕೂಗಿಗೆ ಡ್ರೈವರು ಬ್ರೇಕ್ ಹಾಕಿದ. ನಾನು ಈ ಹೆಂಗಸು ಯಾರೋ ಎಂಬಂತೆ ಕಿಟಕಿಯಾಚೆ ನೋಡತೊಡಗಿದೆ. ಅತ್ತಿಗೆ ತವರಿನ ತೆಲುಗಿನಲ್ಲಿ "ಪೋನೀಲೇ" ಎಂದು ಕೈಯಾಡಿಸಿ, "ಕೂಗ್ಲಿ ಬಿಡು, ಗೊತ್ತಾಯ್ತಲ್ಲ ಪಾಪ," ಎಂದರು. ಪಾಪವಂತೆ! ಹತ್ತು ವರ್ಷದಿಂದ ಅವರನ್ನು ಬೈದಿದ್ದೇ ಬೈದಿದ್ದು. ಬ್ಯಾಡ್ ಮ್ಯಾನರ್ಸ್ ಎಂದೆ, ಸ್ಯಾಡಿಸ್ಟ್ ಎಂದೆ. ಅವರು ನಕ್ಕು ಪೆನ್ಸಿಲು ಚೂಪು ಮಾಡುತ್ತಿದ್ದರು.

ಈ ವರ್ಷ ನನ್ನ ಹಾರ್ಟಿನ ವಾಲ್ವು ಕೈಕೊಟ್ಟಿತು. ಆಪರೇಷನ್ನೇ ಆಗಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಮುಂಚೆ ನಾಲ್ಕು ದಿನ ಅತ್ತಿಗೆಯ ಬಳಿ ಇರೋಣವೆಂದು ಹೋದೆ. ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಗೂಡಿನಲ್ಲಿ ಪೆನ್ಸಿಲು ತಾಗದ ಪುಸ್ತಕವೇನಾದರೂ ಉಳಿದಿದೆಯೇ ಎಂದು ಹುಡುಕಿದೆ. ಎಲ್ಲಕ್ಕಿಂತ ಹಿಂದೆ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪುಸ್ತಕ ಸಿಕ್ಕಿತು. ಕೊನೆಗೆ ಮೂವತ್ತು ಪುಟ ಇರುವಲ್ಲಿ ಗುರುತಿಗೆ ಇಟ್ಟ ಹಳೇ ಬಸ್ ಟಿಕೆಟೊಂದಿತ್ತು. ಮೊದಲ ಪುಟ ತಿರುಗಿಸಿದೆ. ಅದೇ ಪೆನ್ಸಿಲು, ಅದೇ ಅಕ್ಷರ:

"ರೀ, ಕಂಪೌಂಡರ್ ಅಲ್ಲ. ಹುಡುಗಿಯ ಚಿಕ್ಕಪ್ಪ."

ಪುಸ್ತಕ ಹಿಡಿದು ಅತ್ತಿಗೆಯ ಮುಂದೆ ನಿಂತೆ. ಅವರು ತಲೆಯೆತ್ತಲಿಲ್ಲ.

"ಅವತ್ತು ಸಾಯಂಕಾಲ ಅದನ್ನೇ ಓದ್ತಿದ್ರು ಕಣೇ ನಿಮ್ಮಣ್ಣ. 'ಕಂಪೌಂಡರ್ರೇ, ಬೇಕಾದ್ರೆ ನೋಡ್ತಿರು' ಅಂದ್ರು. ನಾನು ಒಲೆ ಮುಂದಿದ್ದೆ, ಆಮೇಲೆ ಹೇಳಣ ಅಂತ ಸುಮ್ನಾದೆ. ಆಚೆ ಬರೋದ್ರೊಳಗೆ ಎದೆ ಹಿಡ್ಕೊಂಡು..." ಒಂದು ಕಾಯಿ ಬಿಡಿಸಿದರು. "ಗೊತ್ತಾಗ್ದೇನೇ ಹೋಗ್ಬಿಟ್ರು. ಓದೋರಿಗೆ ಎಷ್ಟು ಹೊತ್ತು ಐತೋ ಯಾರಿಗ್ಗೊತ್ತು? ಮೊದ್ಲೇ ತಿಳ್ದಿರ್ಲಿ ಅಂತ ಬರೀತೀನಿ."

ನಾನು ಪುಸ್ತಕವನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು ಬಂದು, ಅವರ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದೆ.

ಆಪರೇಷನ್ನಿನ ದಿನ ಬೆಳಿಗ್ಗೆ ಅತ್ತಿಗೆ ಆಸ್ಪತ್ರೆಗೆ ಬಂದು, ಬ್ಯಾಗಿನಿಂದ ಒಂದು ಕಾದಂಬರಿ ತೆಗೆದುಕೊಟ್ಟರು. ನಾನು ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಮೊದಲ ಪುಟವನ್ನೇ ತೆರೆದೆ. ಷಾಕ್! ಏನೂ ಇಲ್ಲ. ರಬ್ಬರಿನಲ್ಲಿ ಉಜ್ಜಿದ ಗುರುತು ಮಾತ್ರ.

"ಅತ್ತಿಗೆ, ಕೊಲೆಗಾರ ಎಲ್ಲಿ?"

"ಅಳ್ಸಿದೀನಿ."

"ಯಾಕೆ? ನಾನೂ ಗೊತ್ತಾಗದೇ ಹೋಗ್ಬೇಕಾ?"

"ಬಾಯ್ಮುಚ್ಚೇ! ಹೋಗ್ಬಾರ್ದು ಅಂತಾನೇ ಅಳ್ಸಿರೋದು. ಈಗ ಹತ್ತು ಪುಟ ಓದು. ಮಿಕ್ಕಿದ್ದು ಬಂದು ಓದ್ಕೋ."

ಹನ್ನೊಂದನೇ ಪುಟದಲ್ಲಿ ನನ್ನನ್ನು ಒಳಗೆ ಕರೆದೊಯ್ಯಲು ಬಂದರು. ಅತ್ತಿಗೆ ಪುಸ್ತಕ ತೆಗೆದುಕೊಂಡು, ಆ ಪುಟದಲ್ಲಿ ಬೆರಳಿಟ್ಟು ಮುಚ್ಚಿದರು.

ಮತ್ತೆ ನನಗೆ ಸರಿಯಾಗಿ ಎಚ್ಚರವಾದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದರು. ತೊಡೆಯ ಮೇಲೆ ಪುಸ್ತಕ. ಬೆರಳು ಹನ್ನೊಂದನೇ ಪುಟದಲ್ಲೇ ಇತ್ತು.

ಗಂಟಲು ಒಣಗಿತ್ತು. ಆದರೂ ಕೇಳಿದೆ: "ಲಾಯರ್ರಾ?"

ಅತ್ತಿಗೆಯ ಕಣ್ಣು ತುಂಬಿಬಂತು.

"ಅವನಲ್ಲ ಕಣೇ," ಎಂದರು. "ಓದು."