ಅಮೆರಿಕದ ಕಾರು, ಹುಬ್ಬಳ್ಳಿಯ ಮಾವ

ಯಾವ ವಸ್ತುವಿನ ಬೆಲೆ ಏರುತ್ತದೆ, ಯಾವುದರದು ಇಳಿಯುತ್ತದೆ ಎಂದು ಮೊದಲೇ ಹೇಳುವ ಒಂದು ವಿಶೇಷ ಶಕ್ತಿ ನನಗಿದೆ ಎಂದು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದಲೂ ನಂಬಿದ್ದೆ. ಇಪ್ಪತ್ತೆರಡು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಸಿಡ್ನಿಗೆ ಓದಲು ಬಂದೆ. ಐದು ಜನ ಹುಡುಗರು ಸೇರಿ ಬಾಡಿಗೆಗೆ ಹಿಡಿದ ಮನೆಯ ಪಕ್ಕದಲ್ಲಿ ಡಗ್ ಎಂಬ ಮುದುಕನಿದ್ದ. ಅವನ ಶೆಡ್ಡಿನಲ್ಲಿ ಒಂದು ಹಳೆಯ ಅಮೆರಿಕನ್ ಕಾರು ಇತ್ತು. ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್ನು. ಇಂಥವಕ್ಕೆ ಮಸಲ್ ಕಾರು ಎನ್ನುತ್ತಾರೆ ಎಂದು ಅವನೇ ಹೇಳಿಕೊಟ್ಟ. ಭಾನುವಾರ ಬೆಳಿಗ್ಗೆ ಅವನು ಅದನ್ನು ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ತಟ್ಟೆಗಳು ಜಾಗ ಬದಲಿಸುತ್ತಿದ್ದವು.

ಒಂದು ದಿನ ಡಗ್, ತನ್ನ ಮೊಣಕಾಲು ಹೋಗಿದೆ, ಕ್ಲಚ್ ತುಳಿಯಲಾಗುತ್ತಿಲ್ಲ, ಕಾರನ್ನು ನೀನೇ ತಗೋ ಎಂದ. ಹೇಳಿದ ಬೆಲೆ ನನ್ನ ಒಂದು ಸೆಮಿಸ್ಟರಿನ ಫೀಜಿನಷ್ಟು. ನಾನು ಎಂಬಿಎ ಓದುತ್ತಿದ್ದೆ. ಹಳೆಯ ಕಾರು ಎಂದರೆ ದಿನದಿನಕ್ಕೂ ಬೆಲೆ ಕಳೆದುಕೊಳ್ಳುವ ಆಸ್ತಿ, ಇನ್ನು ಐದು ವರ್ಷಕ್ಕೆ ಇದನ್ನು ಗುಜರಿಯವನೂ ಕೇಳುವುದಿಲ್ಲ ಎಂದು ಅವನಿಗೆ ಕಾಲು ಗಂಟೆ ಪಾಠ ಮಾಡಿದೆ. ಡಗ್ ಸಮಾಧಾನದಿಂದ ಕೇಳಿ, "ಥ್ಯಾಂಕ್ ಯೂ, ಮೇಟ್" ಎಂದ. ಮರುವಾರ ಬೇರೆ ಯಾರಿಗೋ ಮಾರಿದ.

ಆಮೇಲೆ ಶುರುವಾಯಿತು ನೋಡಿ! ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ, ಸಿಕ್ಕು ಕೆಲಸ ಹಿಡಿದಾಗ ಅಂಥ ಕಾರಿನ ಬೆಲೆ ವಿಚಾರಿಸಿದೆ. ನನ್ನ ಒಂದು ವರ್ಷದ ಸಂಬಳ. ಕೂಡಿಡಲು ತೊಡಗಿದೆ. ಕೂಡಿಟ್ಟದ್ದು ಮದುವೆಗೆ ಹೋಯಿತು. ಮತ್ತೆ ಕೂಡಿಟ್ಟು ವಿಚಾರಿಸಿದರೆ, ಅದೇ ಕಾರಿಗೆ ಮದುವೆಯ ಖರ್ಚಿನ ಎರಡು ಪಟ್ಟು. ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕೊಂಡ ವರ್ಷ ನೋಡಿದರೆ, ಮನೆಯ ಡೆಪಾಸಿಟ್ಟೂ ಕಾರಿನ ಬೆಲೆಯೂ ಅಕ್ಕತಂಗಿಯರಂತೆ ಕಾಣುತ್ತಿದ್ದವು. ನಾನು ಒಂದು ಹೆಜ್ಜೆ ಇಟ್ಟರೆ ಅದು ನಾಲ್ಕು ಇಡುತ್ತಿತ್ತು. ನನ್ನ ವಯಸ್ಸೂ ಏರುತ್ತಿತ್ತು, ನಿಜ. ಆದರೆ ಅದಕ್ಕೆ ಯಾರೂ ಹೆಚ್ಚಿಗೆ ಕೊಡುತ್ತಿರಲಿಲ್ಲ.

ಕಳೆದ ವರ್ಷ ಜಾಹೀರಾತೊಂದು ಕಣ್ಣಿಗೆ ಬಿತ್ತು. ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಕೆಂಪು ಬಣ್ಣದ, ಎಂಟು ಸಿಲಿಂಡರಿನ ಅಮೆರಿಕನ್ ಕಾರು. ಬೆಲೆ ಉಳಿದವಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ಮಾರ್ಟ್‌ಗೇಜಿಗೆ, ಅಂದರೆ ಮನೆಯ ಸಾಲಕ್ಕೆ, ಹೆಚ್ಚಿಗೆ ಕಟ್ಟಲೆಂದು ನಾನೂ ಹೆಂಡತಿ ಸುಮಂಗಲಾಳೂ ಆರು ವರ್ಷದಿಂದ ಉಳಿಸಿದ್ದಕ್ಕೆ ಸರಿಹೊಂದುವಷ್ಟು.

"ಇದ ಖರ್ಚ ಅಲ್ಲ, ಸುಮಂಗಲಾ. ಇನ್ವೆಸ್ಟ್‌ಮೆಂಟ್. ಇದರ ಬೆಲಿ ಏರೂದ ಬಿಟ್ರ ಇಳದದ್ದ ಎಲ್ಲೆರ ಐತೇನು?"

"ಇಳೀಲಿಕ್ಕೆ ಎಷ್ಟೊತ್ತ ಬೇಕ್ರಿ? ಟೊಮ್ಯಾಟೊದ್ದ ನೋಡೇನಿ ನಾ," ಎಂದಳು ಸುಮಂಗಲಾ.

ಒಂದು ವಾರ ಬೆನ್ನುಬಿದ್ದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. "ಅಪ್ಪನ್ನ ಸಂಗಾಟ ಕರಕೊಂಡ ಹೋಗ್ರಿ. ಅವರ ಹೂಂ ಅಂದ್ರ ತಗೋರಿ."

ಅಪ್ಪ ಎಂದರೆ ನನ್ನ ಮಾವ ಚನ್ನಪ್ಪನವರು. ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಲಾರಿ, ಟೆಂಪೋಗಳ ಗ್ಯಾರೇಜು ನಡೆಸಿದವರು. ಕೈ ಸಣ್ಣಗೆ ನಡುಗಲು ತೊಡಗಿದ ಮೇಲೆ ಗ್ಯಾರೇಜು ಮುಚ್ಚಿ, ಅತ್ತೆಯವರನ್ನೂ ಕರೆದುಕೊಂಡು ಮಗಳ ಮನೆಗೆ ಬಂದಿದ್ದರು. ಅತ್ತೆಯವರಿಗೆ ಸ್ಕೋಫೀಲ್ಡ್ಸ್‌ನಲ್ಲಿ ನಾಲ್ಕೇ ದಿನದಲ್ಲಿ ಗೆಳತಿಯರ ಗುಂಪು ಸಿಕ್ಕಿತು. ಮಾವನವರಿಗೆ ಕೈಗೆ ಕೆಲಸವಿಲ್ಲ. ಕಿಟಕಿಯ ಹತ್ತಿರ ಕೂತು, "ಎಲ್ಲಾ ಮನಿ ಒಂದ ಥರಾ ಅದಾವಲ್ರಿ, ನಿಮ್ಮ ಮನಿ ನಿಮಗ ಹೆಂಗ ಗುರ್ತ ಹತ್ತತೈತಿ?" ಎಂದು ಕೇಳುತ್ತಿದ್ದರು.

ವಿಮಾನದಲ್ಲಿ ಮೆಲ್ಬರ್ನಿಗೆ ಹೋದೆವು. ಅಲ್ಲಿಂದ ಟಾರ್ನೀಟ್‌ಗೆ ರೈಲು. ರೈಲಿನಲ್ಲಿ ನಾನು ನನ್ನ ಜೀವನದ ಅತ್ಯಂತ ಬುದ್ಧಿವಂತ ಸೂಚನೆಯನ್ನು ನೀಡಿದೆ.

"ಮಾವಾರ, ಅಲ್ಲಿ ನೀವ ಏನೂ ಮಾತಾಡಬ್ಯಾಡ್ರಿ. ನೀವ ಹೌಹಾರಿ ಏನರ ಅಂದ್ರ ಅಂವಾ ರೇಟ್ ಏರಿಸ್ತಾನ. ಇದ ಅಮೆರಿಕನ್ ಗಾಡಿ. ನಮ್ಮ ಲಾರಿ, ಟೆಂಪೋ ಇದ್ದಂಗಲ್ಲ. ವ್ಯವಹಾರ ನಾ ನೋಡ್ಕೋತೀನಿ."

ಮಾವನವರು ಕಿಟಕಿಯ ಕಡೆ ತಿರುಗಿದರು. "ಆತ್ರಿ," ಎಂದರು.

ಮಾರುವವನು ಮೈಸೂರಿನ ಕಡೆಯ ಕಿರಣ್ ಎಂಬ ತರುಣ. ಬಹಳ ಮರ್ಯಾದೆಯ ಹುಡುಗ. "ಬನ್ನಿ ಸರ್, ಬನ್ನಿ ಅಂಕಲ್, ಕಾಫಿ ತಗೊಳ್ಳಿ" ಎಂದು ಉಪಚರಿಸಿ ಗ್ಯಾರೇಜಿನ ಶಟರ್ ಎತ್ತಿದ. ಕಾರು ಹೊಳೆಯುತ್ತಿತ್ತು.

"ಸರ್, ಇದರ ಬೆಲೆ ವರ್ಷ ವರ್ಷ ಏರ್ತಾನೇ ಇದೆ. ನಮ್ಮನೇಲಿ ಪಾಪು ಬರ್ತಿದೆ, ಮಾರ್ಟ್‌ಗೇಜ್ ಬೇರೆ ಕುತ್ತಿಗೆಗೆ ಬಂದಿದೆ. ಇಲ್ಲಾಂದ್ರೆ ಇಂಥ ಗಾಡೀನ ಯಾರಾದ್ರೂ ಬಿಡ್ತಾರಾ?"

ಮಾವನವರು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿಲಿನ ಕೆಳಭಾಗವನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ ಕೆಮ್ಮಿದರು. ನಾನು ನೀರಿನ ಬಾಟಲಿ ಕೊಟ್ಟೆ. ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ಅದನ್ನು ಎತ್ತಿದಾಗ ಒಳಗೆ ಬಗ್ಗಿ ಮೂಸಿ, ಇನ್ನೊಮ್ಮೆ ಜೋರಾಗಿ ಕೆಮ್ಮಿದರು. ಕಿರಣ್ ಓಡಿಹೋಗಿ ಕೆಮ್ಮಿನ ಗುಳಿಗೆ ತಂದ. ಮೆಲ್ಬರ್ನಿನ ಹವೆ ಇವರಿಗೆ ಒಗ್ಗಲಿಲ್ಲ ಎಂದುಕೊಂಡೆ.

ನಾನೂ ಎಂಜಿನ್ನನ್ನು ಎರಡು ನಿಮಿಷ ಗಂಭೀರವಾಗಿ ನೋಡಿ ತಲೆಯಾಡಿಸಿದೆ. ಏನು ನೋಡಿದೆ ಎಂದು ಇಂದಿಗೂ ಗೊತ್ತಿಲ್ಲ. ಚೌಕಾಸಿ ಮಾಡಿದೆ. ಕಿರಣ್ ಪೆಟ್ರೋಲಿನ ಖರ್ಚಿನಷ್ಟು ಬಿಟ್ಟ. ಕೈ ಕುಲುಕಿದೆವು.

"ಹೆಂಗೈತ್ರಿ ಮಾವಾರ?" ಎಂದು ಹೊರಡುವಾಗ ಕೇಳಿದೆ.

"ಬಣ್ಣ ಭಾಳ ಚಲೋ ಐತ್ರಿ," ಎಂದರು.

ಕಾರಿನ ಸ್ಟಿಯರಿಂಗು ಅಮೆರಿಕದಲ್ಲಿದ್ದಂತೆ ಎಡಗಡೆಗೇ ಇತ್ತು. ಇಲ್ಲಿಯ ರಸ್ತೆಯಲ್ಲಿ ಮುಂದಿನ ಟ್ರಕ್ಕನ್ನು ದಾಟಬೇಕಾದರೆ ಬಲಗಡೆ ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂಬುದು ಬಲಗಡೆ ಕೂತ ಮಾವನವರಿಗೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಮಾತಿನ ಮೇಲಿನ ನಿಷೇಧವನ್ನು ಭಾಗಶಃ ಸಡಿಲಿಸಿದೆ. ಅವರು "ತಡೀರಿ" ಎಂದರೆ ನಾನು ತಡೆಯಬೇಕು, "ಹೊಡೀರಿ" ಎಂದರೆ ಹೊಡೆಯಬೇಕು. ವಿಕ್ಟೋರಿಯಾ ರಾಜ್ಯ ದಾಟುವವರೆಗೂ ನಮ್ಮ ಸಂಭಾಷಣೆ ಈ ಎರಡು ಶಬ್ದಗಳಲ್ಲೇ ನಡೆಯಿತು.

ಹೋಲ್‌ಬ್ರೂಕ್ ಊರು ಹಿಂದೆ ಬಿದ್ದು ಇಪ್ಪತ್ತು ನಿಮಿಷವಾಗಿರಬೇಕು. ಬಾನೆಟ್ಟಿನಿಂದ ಬಿಳಿ ಹಬೆ ಏಳತೊಡಗಿತು. ಬದಿಗೆ ನಿಲ್ಲಿಸಿದೆ. ಸುತ್ತ ಒಣಹುಲ್ಲು, ಬೇಲಿಯಾಚೆ ಕುರಿಗಳು. ಅವು ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡಿದವು.

"ಮಾವಾರ, ಹಿಂಗ ಆಗತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ. ನಾವ ಹೋದಾಗ ಬಾನೆಟ್ ಬಿಸಿ ಇತ್ತು. ಥಂಡ ಇದ್ದಾಗಿನ ದೋಷ ಗೊತ್ತಾಗಬಾರದಂತ ಮೊದಲ ಚಾಲೂ ಮಾಡಿ ಇಟ್ಟಿದ್ದ. ಒಳಗ ಎಂಜಿನ್ ತಂಪ ಇಡೂ ಕೂಲಂಟ್ ಸುಟ್ಟ ವಾಸನಿ. ಬಾಗಲಾ ಬಡದ್ರ ತಗಡಿನ ಸಪ್ಪಳಾನ ಇಲ್ಲ. ತುಕ್ಕ ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣಾ ಹೊಡದಾರ. ಅದ ಬಾಗಲಾ ಅಲ್ರಿ, ಗ್ವಾಡಿ."

"ಅಲ್ಲೇ ಹೇಳಬೇಕಿತ್ತಲ್ರೀ!"

"ಮಾತಾಡಬ್ಯಾಡ್ರಿ ಅಂದಿದ್ರಿ." ಮಾವನವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ಆದ್ರೂ ಮನಸ ತಡೀಲಿಲ್ಲ. ಎರಡ ಸಲ ಕೆಮ್ಮಿದೆ."

ನಾನು ಕುರಿಗಳ ಕಡೆ ತಿರುಗಿದೆ.

ಎಂಜಿನ್ ತಣ್ಣಗಾಗುವವರೆಗೆ ಒಂದು ಗಂಟೆ ಕೂತೆವು. ಬಳಿಕ ಮಾವನವರು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದರು. ರೇಡಿಯೇಟರಿನ ಪೈಪು ಸೀಳಿತ್ತು. ಹೆಗಲ ಮೇಲಿನ ಟವೆಲಿನ ಅಂಚು ಹರಿದು ಬಿಗಿಯಾಗಿ ಸುತ್ತಿ, ಬೇಲಿಯ ಬುಡದಲ್ಲಿ ಬಿದ್ದಿದ್ದ ತಂತಿಯಿಂದ ಕಟ್ಟಿದರು. ಕೈ ನಡುಗುತ್ತಿತ್ತು, ಆದರೆ ಗಂಟು ಬೀಳುವ ಕ್ಷಣಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ಕುಡಿಯಲೆಂದು ತಂದ ನೀರನ್ನೆಲ್ಲ ರೇಡಿಯೇಟರಿಗೆ ಸುರಿದರು.

"ಇನ್ನ ಹೀಟರ್ ಹಚ್ಚರಿ. ಫುಲ್. ಎಂಜಿನ್ನಿನ ಕಾವ ನಾವ ತಗೋಬೇಕು."

ಫೆಬ್ರವರಿ ತಿಂಗಳು, ಇಲ್ಲಿ ಬೇಸಿಗೆ. ಹೊರಗೆ ಸುಡುಬಿಸಿಲು. ಹೀಟರ್ ಹಚ್ಚಿಕೊಂಡು ಸಿಡ್ನಿಯವರೆಗೆ ಬಂದೆವು! ದಾರಿಯುದ್ದಕ್ಕೂ ಸಿಕ್ಕ ಪೆಟ್ರೋಲ್ ಬಂಕಿನಲ್ಲೆಲ್ಲ ಮೊದಲು ರೇಡಿಯೇಟರಿಗೆ ನೀರು, ಉಳಿದರೆ ನಮಗೆ. ಮನೆ ಮುಟ್ಟಿದಾಗ ಸುಮಂಗಲಾ ನಮ್ಮಿಬ್ಬರ ಕೆಂಪು ಮುಖ ನೋಡಿ ನೀರಿನ ತಂಬಿಗೆ ತಂದಳು. ಕಾರನ್ನು ಗ್ಯಾರೇಜಿಗೆ ಸೇರಿಸಿ ರಿಮೋಟ್ ಒತ್ತಿದೆ. ಶಟರ್ ಇಳಿದು ಸೀದಾ ಡಿಕ್ಕಿಯ ಮೇಲೆ ಕೂತಿತು. ಗ್ಯಾರೇಜಿನ ಹಿಂಗೋಡೆಗೆ ಅಕ್ಕಿ ಚೀಲಗಳನ್ನು ಒಟ್ಟಿದ್ದರಿಂದ ಉದ್ದ ಕಾರು ಪೂರ್ತಿ ಒಳಗೆ ಹಿಡಿಯಲಿಲ್ಲ; ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ರಿಜಿಸ್ಟ್ರೇಷನ್ನನ್ನು ನಮ್ಮ ರಾಜ್ಯಕ್ಕೆ ಬದಲಿಸುವ ಮುಂಚೆ ಕಾರಿನ ತಪಾಸಣೆ ಆಗಬೇಕು. ತಪಾಸಣೆಯವನು ಒಂದು ಅಯಸ್ಕಾಂತ ತಂದು ಬಾಗಿಲಿಗೆ ಹಿಡಿದ. ಅದು ಕೆಳಗೆ ಬಿತ್ತು. ಇನ್ನೊಂದು ಕಡೆ ಹಿಡಿದ. ಅಲ್ಲಿಯೂ ಬಿತ್ತು. ಚಾಸಿ ನಂಬರು ನೋಡಿ, ಈ ಕಾರು ಹುಟ್ಟಿದ್ದು ಆರು ಸಿಲಿಂಡರಿನ ಎಂಜಿನ್ನಿನೊಂದಿಗೆ, ಎಂಟರದ್ದನ್ನು ಆಮೇಲೆ ಯಾರೋ ಕೂಡಿಸಿದ್ದಾರೆ ಎಂದ. ಬೆಲೆ ಏರುವುದು ಹುಟ್ಟಿನಿಂದಲೇ ಎಂಟಿದ್ದವಕ್ಕಂತೆ. ನನ್ನದಕ್ಕಲ್ಲವಂತೆ!

ಕಿರಣ್‌ಗೆ ಫೋನ್ ಮಾಡಿ ಕೂಗಾಡಿದೆ. ಅವನು, "ಸರ್, ನನಗೆ ಮಾರಿದವನೂ ಬಾನೆಟ್ ಬಿಸಿ ಮಾಡಿಟ್ಟಿದ್ದ. ನನಗದು ಆಮೇಲೆ ಗೊತ್ತಾಯ್ತು. ನಿಮ್ಮ ಜೊತೆ ಅಂಕಲ್ ಬಂದ್ರಲ್ಲ, ಅವರು ಬಾಗಿಲು ಬಡಿದಾಗ ನನ್ನ ಕಥೆ ಮುಗೀತು ಅನ್ಕೊಂಡೆ. ಅವರ್ಯಾಕೆ ಏನೂ ಹೇಳ್ಲಿಲ್ಲ ಸರ್?" ಎಂದ.

ಸುಮಂಗಲಾಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಹಣದ ಬಗ್ಗೆ ಬೈಯುತ್ತಾಳೆ ಎಂದು ಸಿದ್ಧನಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ರೈಲಿನ ಮಾತು ಕೇಳಿದಾಗ ಮಾತ್ರ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ರೊಕ್ಕಾ ಹೋದ್ರ ಹೋಗ್ಲಿ. ನಮ್ಮಪ್ಪ ನಲವತ್ತ ವರ್ಷ ಗಾಡಿ ಬಿಚ್ಚಿ ಕೂಡಿಸಿದಾಂವ. ಅವರ ಮಾತ ಬೇಕಂತನ ಕಳಿಸಿದ್ದೆ. ಕರಕೊಂಡ ಹೋಗಿ ಬಾಯಿ ಮುಚ್ಚಿಸಿದ್ರಿ. ಅವರ ಯಾರ ಮುಂದೂ ಒಂದ ಮಾತ ಅಂದಿಲ್ಲ, ನೋಡ್ರಿ."

ಮರುದಿನ ಮುಂಜಾನೆ ಚಹಾ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಮಾವನವರು ಆಗಲೇ ಬಾನೆಟ್ ಎತ್ತಿ ನಿಂತಿದ್ದರು.

"ಮಾವಾರ, ನಂದ ತಪ್ಪಾತ್ರಿ. ಹಂಗ ಅನ್ನಬಾರದಿತ್ತು."

ಅವರು ತಲೆ ಎತ್ತಲಿಲ್ಲ. "ಅಳಿಯಂದ್ರ, ಪಾನಾದ ಸೆಟ್ ಒಂದ ಬೇಕಲ್ರಿ," ಎಂದರು. ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರ್. ಕ್ಷಮೆ ಸಿಕ್ಕಿತೆಂದು ಭಾವಿಸಿ, ಅಂಗಡಿಗೆ ಹಾರಿ, ಇದ್ದುದರಲ್ಲಿ ದುಬಾರಿಯ ಸೆಟ್ ತಂದೆ. ಮಾವನವರು ಒಂದನ್ನು ನಟ್ಟಿಗೆ ಹಚ್ಚಿ ನೋಡಿ ಹಿಂದಕ್ಕೆ ಕೊಟ್ಟರು.

"ಇವ ಮಿಲಿಮೀಟರಿನವು. ಇದ ಇಂಚಿನ ಗಾಡಿ ಐತ್ರಿ."

ಹಿಂದಿರುಗಿಸಲು ಹೊರಟೆ. ಈ ಸಲ ಮಾವನವರು ನನ್ನ ಮಗಳು ಇಂಚರಳನ್ನು ಸಂಗಡ ಕಳಿಸಿದರು. ಹದಿನಾಲ್ಕು ವರ್ಷದವಳಿಗೆ ನನಗಿಂತ ಹೆಚ್ಚು ಅರ್ಥವಾಗಿತ್ತು.

ಮುಂದಿನ ಎರಡು ತಿಂಗಳು ಅಜ್ಜ ಮೊಮ್ಮಗಳು ಗ್ಯಾರೇಜಿನಲ್ಲೇ ಇದ್ದರು. ಅವರು ಕನ್ನಡದಲ್ಲಿ ಹೇಳುವುದು, ಇವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಅವರ ಕೈ ನಡುಗಿದಾಗ ಇವಳು ಹಿಡಿಯುತ್ತಿದ್ದಳು. ಮಾವನವರು ಕಿಟಕಿಯ ಹತ್ತಿರ ಕೂರುವುದನ್ನು ಬಿಟ್ಟರು. ಊಟಕ್ಕೆ ಮೂರು ಸಲ ಕರೆಯಬೇಕಾಗುತ್ತಿತ್ತು. ಎಂಜಿನ್ ಕೊನೆಗೆ ಒಂದೇ ಲಯದಲ್ಲಿ ಗುಡುಗಿತು. ಸುಮಂಗಲಾ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿದಳು. ಆದರೆ ಬಾಡಿಯ ತುಕ್ಕು ತೆಗೆಸಲು ಇನ್ನೊಂದು ಕಾರಿನ ಹಣ ಬೇಕಿತ್ತು. ಮಾರುವುದೆಂದು ತೀರ್ಮಾನವಾಯಿತು.

ಕೊಳ್ಳಲು ಬಂದವನು ಪೀಟರ್ ಎಂಬ ನಿವೃತ್ತ ಮನುಷ್ಯ. ನಾನು "ವರ್ಷ ವರ್ಷ ಏರುತ್ತಲೇ ಇದೆ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆನಷ್ಟೇ, ಮಾವನವರು ಇಂಚರಳಿಗೆ ಸನ್ನೆ ಮಾಡಿದರು.

"ಹೇಳವ್ವಾ ಅವರಿಗೆ. ಈ ಬಾಗಲಾ ಪುಟ್ಟಿದೈತಿ."

"ಅಜ್ಜ ಸೇಸ್ ದಿ ಡೋರ್ ಈಸ್ ಮೋಸ್ಟ್ಲಿ ಫಿಲ್ಲರ್," ಎಂದಳು ಇಂಚರ.

"ಎಂಜಿನ್ ಇದರದ್ದಲ್ಲ. ಬ್ಯಾರೇ ಗಾಡೀದು."

ಅದನ್ನೂ ಅನುವಾದಿಸಿದಳು. ನಾನು ಮಗಳ ಭುಜ ಮುಟ್ಟಿದೆ. "ಡ್ಯಾಡ್, ಡೋಂಟ್ ಇಂಟರಪ್ಟ್," ಎಂದಳು. ಮಾವನವರು ಕಾರಿನ ಒಂದೊಂದು ದೋಷವನ್ನೂ ಮುಟ್ಟಿ ತೋರಿಸುತ್ತ ಹೋದರು. ಒಂದೊಂದಕ್ಕೂ ನನ್ನ ಕಣ್ಣ ಮುಂದೆ ಬೆಲೆ ಒಂದೊಂದು ಮೆಟ್ಟಿಲು ಇಳಿಯಿತು. ಕೊನೆಗೆ ತಾವು ಸರಿಪಡಿಸಿದ್ದನ್ನೆಲ್ಲ ತೋರಿಸಿ, ಬಿಚ್ಚಿದ ಹಳೆಯ ಭಾಗಗಳ ಡಬ್ಬಿಯನ್ನು ಪೀಟರನ ಕೈಗಿಟ್ಟರು.

ಪೀಟರ್ ಅರ್ಧ ಗಂಟೆ ಎಂಜಿನ್ನಿನ ಮುಂದೆ ಕೂತ. ಇಷ್ಟು ವರ್ಷದಲ್ಲಿ ತನಗೆ ಯಾವ ಮಾರಾಟಗಾರನೂ ನಿಜ ಹೇಳಿರಲಿಲ್ಲ ಎಂದ. ನಾನು ಕೊಟ್ಟದ್ದಕ್ಕಿಂತ ಕಡಿಮೆಗೆ, ಆದರೆ ಚೌಕಾಸಿಯಿಲ್ಲದೆ ಒಂದೇ ಮಾತಿಗೆ ಕೊಂಡ. ಅಮೆರಿಕದ ಮಸಲ್ ಕಾರುಗಳ ಬೆಲೆ ದಶಕಗಳಿಂದ ಏರುತ್ತಲೇ ಬಂದಿದೆ. ಅದು ಇಳಿಯುವುದನ್ನು ನೋಡುವ ಭಾಗ್ಯ ನನಗೆ ಒಲಿಯಿತು!

ಮೂರು ವಾರದ ನಂತರ ಪೀಟರ್ ಫೋನ್ ಮಾಡಿದ. ಎಂಜಿನ್ ಆಗಾಗ ಮುಗ್ಗರಿಸುತ್ತಿದೆಯಂತೆ. ನಾನು ಗಂಟಲು ಸರಿಮಾಡಿಕೊಂಡು, ಅದು ಬಹುಶಃ ಹವೆಯ ಪರಿಣಾಮವಿರಬಹುದು ಎಂದು ಆರಂಭಿಸಿದೆ. ಪೀಟರ್ ತಾಳ್ಮೆಯಿಂದ ಕೇಳಿದ. ಆಮೇಲೆ ಬಹಳ ಸೌಜನ್ಯದಿಂದ, ಮನೆಯಲ್ಲಿ ಕಾರಿನ ಬಗ್ಗೆ ತಿಳಿದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ.

"ಇಬ್ಬರಿದ್ದಾರೆ," ಎಂದು ಇಂಚರಳನ್ನೂ ಮಾವನವರನ್ನೂ ಕರೆದೆ. ಅವರು ಫೋನನ್ನು ಮೇಜಿನ ಮೇಲಿಟ್ಟು ಮಾತಿಗೆ ತೊಡಗಿದರು. ಕುರ್ಚಿ ಎಳೆದುಕೊಂಡು ನಾನೂ ಕೂರಲು ಹೋದೆ. ಮಾವನವರು ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು:

"ಅಳಿಯಂದ್ರ, ಚಾ ಇಡ್ತೀರೇನ್ರಿ?"

ಇಟ್ಟೆ. ಸಕ್ಕರೆ ಹೆಚ್ಚಾಗಿತ್ತು.