ಐದು ಕಳೆದು ಓದಿ

ದಣಿವನ್ನು ಅಳೆಯುವ ಮೀಟರೊಂದು ಇದ್ದಿದ್ದರೆ ಆ ವಾರ ನನ್ನ ಮುಳ್ಳು ಕೊನೆಯ ಗೆರೆ ದಾಟಿ ಗಾಜಿಗೆ ಬಡಿಯುತ್ತಿತ್ತು. ನಾನು ಸಾಲಿಯಲ್ಲಿ ಹೆಚ್ಚು ಕೂತು ಓದಿದವನಲ್ಲ. ಭಾಲ್ಕಿಯ ಹತ್ತಿ ಗಿರಣಿಯಲ್ಲಿ ಬಾಯ್ಲರಿಗೆ ಕಟ್ಟಿಗೆ ಹಾಕುತ್ತ, ಉಗಿಯ ಒತ್ತಡ ತೋರಿಸುವ ಮೀಟರು ನೋಡುತ್ತ ಕೂದಲು ಹಣ್ಣು ಮಾಡಿಕೊಂಡವನು. ಔರಾದಿನ ಬೀಗರ ಮನೆಯಲ್ಲಿ ಸೊಸೆ ಹೆತ್ತಿದ್ದಳು. ನಾಡಿದ್ದು ಮೊಮ್ಮಗಳಿಗೆ ತೊಟ್ಟಿಲು. ಹೆಂಡತಿ ಆಗಲೇ ಅಲ್ಲಿದ್ದಳು. ನಾನು ಗಂಟು ಕಟ್ಟುವಷ್ಟರಲ್ಲಿ ಹೊಸ ಸರ್ಕಾರದ ಇನ್‌ಸ್ಪೆಕ್ಟರರು ಬಂದು ಬಾಯ್ಲರು ಆರಿಸಿಬಿಟ್ಟರು. ಮೀಟರಿನ ಪರೀಕ್ಷೆ ಆಗಿಲ್ಲವಂತೆ. ರಜಾಕಾರರ ಗದ್ದಲ, ಅದರ ಬೆನ್ನಿಗೇ ಪೊಲೀಸ್ ಆ್ಯಕ್ಷನ್. ಜೀವ ಉಳಿದರೆ ಸಾಕೆನ್ನುವ ದಿನಗಳಲ್ಲಿ ಮೀಟರಿನ ನೆನಪು ಯಾರಿಗಿತ್ತು?

“ಬೀದರಕ್ಕ ಒಯ್ದು ತಪಾಸಣಿ ಮಾಡಿಸ್ಕೊಂಡು ಬಾ. ಬಾಯ್ಲರ್ ಹೊತ್ತಿದ ಮ್ಯಾಲ ಔರಾದಕ್ಕ ಹೋಗು,” ಎಂದರು ಮಾಲೀಕರು.

ಮೀಟರನ್ನು ಧೋತರದಲ್ಲಿ ಸುತ್ತಿ ಎದೆಗವಚಿಕೊಂಡು ರೈಲು ಹತ್ತಿದೆ. ಕಮಠಾಣದ ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು. “ಕೂಸು ಭಾಳ ಶಾಣ್ಯಾ ಅದರಿ, ಅಳಲಿಕ್ಕೇ ಒಲ್ಲದು.” ಜಾಗ ಹೋದೀತೆಂದು ನಾನೂ ಮೀಟರನ್ನು ಮೆಲ್ಲಗೆ ತಟ್ಟಿದೆ.

ಬೀದರದ ಮಿಸ್ತ್ರಿಯ ಮುಂದೆ ಕರೆಂಟಿನ ಮೀಟರುಗಳು ದವಾಖಾನೆಯ ರೋಗಿಗಳಂತೆ ಸಾಲು ಹಿಡಿದಿದ್ದವು. ನನ್ನ ಸರದಿ ಬರುವತನಕ ಬಾಯಿ ಸುಮ್ಮನಿರಬೇಕಲ್ಲ! ಮೊಮ್ಮಗಳ ಗುಂಗುರು ಕೂದಲು, ಕೇದಗೆಯ ಬಣ್ಣ, ಈಗಲೇ ನಗುವ ಚಂದ, ಎಲ್ಲವನ್ನೂ ಹೇಳಿದೆ.

“ನೋಡಿ ಬಂದೀರೇನು ಕಾಕಾ?”

“ಇನ್ನೂ ಇಲ್ಲರಿ.”

ಮಿಸ್ತ್ರಿ ನನ್ನ ಮೀಟರನ್ನೂ ತನ್ನ ಪಕ್ಕಾ ಮೀಟರನ್ನೂ ಒಂದೇ ಪಂಪಿಗೆ ಜೋಡಿಸಿದ. ಪಂಪು ಒತ್ತುವ ಮೊದಲೇ ನನ್ನದು ಐದು ತೋರಿಸುತ್ತಿತ್ತು. ಅವನದು ಐವತ್ತಕ್ಕೆ ಬಂದಾಗ ನನ್ನದು ಐವತ್ತೈದು.

“ಒಳಗ ಏನೂ ಇಲ್ಲದಾಗೂ ಐದು ತೋರಸ್ತದ, ಥೇಟ್ ನಿಮ್ಮಂಗ. ಮುಳ್ಳು ಕಿತ್ತು ಕೂಡಸ್ಲಿಕ್ಕೆ ನಾಕು ದಿನ ಬೇಕು.”

“ನಾಕು ದಿನಾ? ತೊಟ್ಟಲಾ ನಾಡಿದ್ದ ಅದಪ್ಪಾ!”

ನನ್ನ ಮುಖ ನೋಡಿ ಕರಗಿದ. “ಹೋಗ್ಲಿ ಬಿಡ್ರಿ. ಎಲ್ಲಾ ಕಡೀನೂ ಐದೇ ಹೆಚ್ಚದ. ಐದು ಕಳದು ಓದ್ರಿ ಅಂತ ಚೀಟಿ ಅಂಟಸ್ತೇನಿ. ಇನ್‌ಸ್ಪೆಕ್ಟರ್ ಸಾಹೇಬರು ಒಪ್ತಾರ.”

ಒಪ್ಪಿದರು. ಬಾಯ್ಲರು ಹೊತ್ತಿತು. ನಾನು ಬಸ್ಸಿನ ಧೂಳನ್ನೆಲ್ಲ ಮೈಗೆ ಬಳಿದುಕೊಂಡು ಔರಾದಿಗೆ ಇಳಿಯುವ ಹೊತ್ತಿಗೆ ತೊಟ್ಟಿಲು ಕಟ್ಟಿಯಾಗಿತ್ತು. “ಈಗ ಬಂದ್ರೇನು?” ಎಂದಳು ಹೆಂಡತಿ. ತಡವಾದದ್ದೇಕೆಂದು ಚೀಟಿಯ ಕಥೆ ಪೂರ್ತಿ ಹೇಳಿದೆ. ಕೂಸಿನ ತಲೆ ನುಣ್ಣಗೆ ಬೋಳು. ಬಣ್ಣ ನನ್ನದೇ, ಬಾಯ್ಲರ್ ಮನೆಯದು. ಎತ್ತಿಕೊಂಡೆ. ಕಾಲು ನೋವು, ನಡು ನೋವು ಎಲ್ಲಿ ಹೋದವೋ!

“ನಕ್ಕಳು! ನೋಡ್ರಿ, ನನ್ನ ನೋಡಿ ನಕ್ಕಳು!”

“ನಿದ್ದಿಗಣ್ಣಾಗ ತುಟಿ ಅಲುಗಿಸ್ಯಾಳ ಅಷ್ಟೇ,” ಎಂದಳು ಹೆಂಡತಿ. “ಬೀಗರ, ಇವರ ಹಣಿಗೂ ಒಂದು ಚೀಟಿ ಅಂಟಸ್ರಿ.”

ಮನೆ ತುಂಬ ನಗು. ಇರಲಿ. ನೀವೂ ನನ್ನ ಮಾತಿನಲ್ಲಿ ಐದು ಕಳೆದೇ ಓದಿ. ಕಳೆದ ಮೇಲೂ ಕೂಸು ನಕ್ಕಿತ್ತು.